ಯಾರ ಹಂಗೂ ಬೇಡದ ಪ್ರಯಾಣ

ಸೆಪ್ಟೆಂಬರ್ 2, ಮಂಗಳವಾರ. ಕರಕ್

ನಾನು ಬೇಳೆ ತೊಳೆಯುವಾಗಲೂ ಇವರು ಬಿಡಲಿಲ್ಲ. ಅಡುಗೆಮನೆ ಬಾಗಿಲಿಗೆ ಒರಗಿ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಬ್ಯಾಂಕಿನವರು ಕ್ರೆಡಿಟ್ ಕಾರ್ಡಿನ ಜೊತೆ ಕೊಟ್ಟ ಪುಸ್ತಿಕೆ ಮತ್ತೆ ಓದಿದರು. ಪರದೇಶದಲ್ಲಿ ಆಸ್ಪತ್ರೆ ಖರ್ಚು — ಅವರದು. ಪೆಟ್ಟಿಗೆ ಕಳೆದರೆ — ಅವರದು. ವಿಮಾನ ತಡವಾದರೆ ಊಟ — ಅದೂ ಅವರದೇ. ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡರೆ...

"ಹೆಲಿಕಾಪ್ಟರ್ ಕಣೇ ರುವೈದಾ! ಯಾರಿಗೆ? ಕರಕ್‌ನ ಒಬ್ಬ ಭೂಗೋಳದ ಮೇಷ್ಟ್ರಿಗೆ!"

"ರೀ, ಆ ಈರುಳ್ಳಿ ಈ ಕಡೆ ತಳ್ಳಿ. ನಿಮ್ಮ ಹೆಲಿಕಾಪ್ಟರ್ ಬರೋಷ್ಟರಲ್ಲಿ ಬೇಳೆ ಸೀದು ಹೋಗತ್ತೆ."

ನಕ್ಕರು. ನಗಲಿ ಪಾಪ. ಜೀವಮಾನವೆಲ್ಲ ಕಪ್ಪು ಹಲಗೆಯ ಮೇಲೆ ಹಿಮಪರ್ವತ ಬರೆದರು, ಒಂದನ್ನೂ ಕಂಡವರಲ್ಲ. ನಿವೃತ್ತಿಯಾದ ಮೇಲೆ ಈಗ ನಮ್ಮ ಅರಬ್ ನಾಡು ಬಿಟ್ಟು ಜಾರ್ಜಿಯಾಕ್ಕೆ ಹೊರಟಿದ್ದೇವೆ. ನೆರೆಮನೆಯಾಕೆ ಪ್ರಯಾಣಕ್ಕೆಂದೇ ಬೇರೆ ಇನ್ಶೂರೆನ್ಸ್ ಮಾಡಿಸಿಕೊಳ್ಳಿ ಅಂದಳು. ಇವರು ಕಾರ್ಡಿರುವ ಜೇಬು ತಟ್ಟಿ ತೋರಿಸಿದರು.

ಹಂಗು ಎಂದರೆ ಇವರಿಗಾಗದು. ಯಾರಾದರೂ ಒಂದು ತಟ್ಟೆ ಅಂಜೂರ ಕಳಿಸಿದರೆ, ಆ ತಟ್ಟೆ ತುಂಬಿ ವಾಪಸ್ಸು ಹೋಗುವತನಕ ನಿದ್ದೆಯಿಲ್ಲ. "ಇದೊಂದು ಜೇಬಲ್ಲಿದ್ರೆ ಯಾರ ಮುಂದೆನೂ ಕೈ ಒಡ್ಡಬೇಕಾಗಿಲ್ಲ" ಎನ್ನುತ್ತಾರೆ.

ನಾನು ಬಾಯಲ್ಲಿ ಗೇಲಿ ಮಾಡಿದರೂ ಒಳಗೊಳಗೇ ಬೆರಗು. ಎಲ್ಲೋ ಕೂತ ಯಾರೋ, ನಮ್ಮ ಮುಖ ಕಾಣದವರು, ಈ ಪ್ಲಾಸ್ಟಿಕ್ ತುಂಡೊಂದನ್ನು ನಂಬಿ ನಮ್ಮನ್ನು ಬೆಟ್ಟದಿಂದ ಎತ್ತಿಕೊಂಡು ಬರುತ್ತಾರಂತೆ. ಅಬ್ಬಾ, ಮನುಷ್ಯರ ಬುದ್ಧಿಯೇ!

ಸೆಪ್ಟೆಂಬರ್ 6, ಶನಿವಾರ

ಟಿಕೆಟ್ ಆಯಿತು. ಜಗಳದೊಂದಿಗೆ.

ನನ್ನ ತಮ್ಮ ಹಾಬೆಸ್ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಬಂದಾಗಲೇ ಅನುಮಾನ ಬರಬೇಕಿತ್ತು. ಇವರು ಟ್ರಾವೆಲ್ ಆಫೀಸಿನ ಮೇಜಿನ ಮೇಲೆ ಕಾರ್ಡ್ ಇಡುವುದಕ್ಕೂ ಇವನು ಮಣಿಕಟ್ಟು ಹಿಡಿಯುವುದಕ್ಕೂ ಸರಿಹೋಯಿತು.

"ಭಾವ, ತೆಗೀರಿ ಕೈನ! ನಾನು ಸತ್ತಿದ್ದೀನಾ?"

"ಹಾಬೆಸ್, ಮರ್ಯಾದೆಯಿಂದ ಬಿಡು. ಇದು ನನ್ನ ಪ್ರಯಾಣ."

"ನಮ್ಮಕ್ಕ ಮೊದಲ್ನೇ ಸಲ ವಿಮಾನ ಹತ್ತೋದು ನನ್ನ ದುಡ್ಡಲ್ಲೇ!"

"ಬಿಡೋ ಅಂದೆ!"

"ನೀವು ಕೊಟ್ರೆ ನನ್ನ ಹೆಂಡ್ತಿಗೆ ತಲಾಖ್! ಮೂರು ಸಲ ತಲಾಖ್!"

 ತಲಾಖಿನ ಆಣೆ ಬಿದ್ದ ಮೇಲೆ ಯಾವ ಗಂಡಸು ಜೇಬಿಗೆ ಕೈ ಹಾಕುತ್ತಾನೆ? ಮೇಜಿನ ಹಿಂದಿದ್ದವನು ಸಂಸಾರ ಉಳಿಸುವವನ ಹಾಗೆ ಗಬಕ್ಕನೆ ಹಾಬೆಸನ ಕಾರ್ಡ್ ಕಿತ್ತುಕೊಂಡು ಯಂತ್ರಕ್ಕೆ ತೂರಿಸಿದ. ಪಾಪ ಅವನ ಹೆಂಡತಿ ನೋಫಾ, ಮನೆಯಲ್ಲಿ ಬದನೆಕಾಯಿ ಕರಿಯುತ್ತಿದ್ದಳು. ಅವಳ ಸಂಸಾರ ಹೀಗೆ ಕಟುಕನ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಎಷ್ಟು ಸಲ ನೇತಾಡಿದೆಯೋ, ಅವಳಿಗೇ ಗೊತ್ತಿಲ್ಲ.

ದಾರಿಯುದ್ದ ಇವರ ಮುಖ ಊದಿಕೊಂಡೇ ಇತ್ತು.

"ಪ್ರೀತಿಯಿಂದ ಕೊಟ್ಟ, ಬಿಡಿ" ಎಂದೆ.

"ಪ್ರೀತಿ ಬೇರೆ, ಟಿಕೆಟ್ ಬೇರೆ. ನನ್ನ ತಲೆ ಮೇಲೆ ಒಂದು ಚಪ್ಪಡಿ ಹೊರಿಸಿದ ನಿನ್ನ ತಮ್ಮ." ಸ್ವಲ್ಪ ಹೊತ್ತಾದ ಮೇಲೆ ಜೇಬು ಮುಟ್ಟಿ ನೋಡಿಕೊಂಡರು. "ಇರ್ಲಿ. ಇನ್ಶೂರೆನ್ಸ್ ಆದ್ರೂ ನಮ್ಮದೇ ಇದೆಯಲ್ಲ."

ಸೆಪ್ಟೆಂಬರ್ 24, ಬುಧವಾರ. ಕಜ್ಬೆಗಿ, ಜಾರ್ಜಿಯಾ

ಸುಬ್ಹಾನಲ್ಲಾಹ್. ದೇವರ ಮಹಿಮೆಯೇ!

ಮಧ್ಯಾಹ್ನವೆಲ್ಲ ಮೋಡ. ನಾವು ಉಳಿದುಕೊಂಡ ಮನೆಯ ಯಜಮಾನಿ ನಾನುಲಿ — ದಪ್ಪ ಕೈ, ದೊಡ್ಡ ಗಂಟಲು — ಕಿಟಕಿಯ ಕಡೆ ಬೆರಳು ತೋರಿಸಿ ಏನೋ ಕೂಗಿದಳು. ಇವರು ಚಹಾ ಲೋಟ ಹಿಡಿದುಕೊಂಡೇ ಹೊರಗೋಡಿದರು. ಮೋಡ ಸರಿಯಿತು. ಅಲ್ಲಿದೆ ಎಂದುಕೊಂಡ ಜಾಗದಲ್ಲಿ ಬೆಟ್ಟ ಇರಲಿಲ್ಲ. ಕತ್ತು ಇನ್ನೂ ಎತ್ತಬೇಕಿತ್ತು. ಇನ್ನೂ. ಆಕಾಶ ಎಂದು ನಾವು ತಿಳಿದದ್ದೇ ಬೆಟ್ಟ! ಬಿಳೀ. ಅಷ್ಟು ಬಿಳುಪು ಈ ಲೋಕದಲ್ಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಇವರ ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಅದರ ಗೆರೆ ಬರೆಯಿತು, ಹಲಗೆಯ ಮೇಲೆ ಬರೆದಂತೆಯೇ. ಆಮೇಲೆ ಕೈ ಇಳಿಬಿಟ್ಟರು.

"ಮಕ್ಕಳಿಗೆಲ್ಲ ಚಿಕ್ಕದಾಗಿ ಬರೆದುಬಿಟ್ಟಿದ್ದೆ ಕಣೇ" ಎಂದು ಅತ್ತರು.

ನಾನೂ ಅತ್ತೆ. 

ಸೆಪ್ಟೆಂಬರ್ 25, ಗುರುವಾರ

ಮಳೆ. ಮಳೆ ಎಂದರೆ ಬಾನೇ ಹರಿದಂತೆ. ನಾನುಲಿ ಚೀಸ್ ತುಂಬಿದ ರೊಟ್ಟಿ ಎರಡನೇ ಸಲ ಬಡಿಸಿದಳು. ಇವರು ಹೆಚ್ಚಿನದಕ್ಕೆ ಹಣ ತೆಗೆದರೆ ಸೌಟಿನಿಂದಲೇ ಕೈಗೆ ಹೊಡೆದಳು. "ಹಾಬೆಸನ ಕಳೆದುಹೋದ ಅಕ್ಕ ಇವಳು" ಎಂದೆ. ಇವರಿಗೆ ನಗು ಬರಲಿಲ್ಲ. ಹಣವನ್ನು ಹೂಜಿಯ ಕೆಳಗೆ ಬಚ್ಚಿಟ್ಟರು. ಅವಳು ಹುಡುಕಿ ತಂದು ಇವರ ಶೂ ಒಳಗೆ ತುರುಕಿದಳು.

ಸೆಪ್ಟೆಂಬರ್ 26, ಶುಕ್ರವಾರ

 ಬರೆಯದೆ ಸುಮ್ಮನೆ ಕೂತರೆ ಕಿರುಚಿಬಿಡುತ್ತೇನೆ.

ಬೆಳಗ್ಗೆ ಮಳೆ ನಿಂತಿತ್ತು. ಬೆಟ್ಟದ ಮೇಲೆ ಬಿಸಿಲು ಬೀಳುವುದನ್ನು ನೋಡಬೇಕೆಂದು ಇವರು ನನಗಿಂತ ಮೊದಲೇ ಎದ್ದು ಹೊರಗೆ ಹೋದರು. ಮರದ ಮೆಟ್ಟಿಲು ಒದ್ದೆ. ದಢ್ ಎಂಬ ಸದ್ದಿಗೆ ಎದ್ದು ಓಡಿದರೆ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು.

ಊರಿನ ಚಿಕ್ಕ ದವಾಖಾನೆಯಲ್ಲಿದ್ದೇವೆ. ಡಾಕ್ಟರು ಫೋನಿಗೆ ಹೇಳುತ್ತಾರೆ, ಫೋನು ನನಗೆ ಅರಬ್ಬಿಯಲ್ಲಿ ಹೇಳುತ್ತದೆ. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿದೆ. ಒಳಗೆ ರಕ್ತ ಸೋರುತ್ತಿದೆ. ಇಲ್ಲಿ ಆಪರೇಷನ್ ಆಗದು. ಇವತ್ತೇ ಟಿಬಿಲಿಸಿಗೆ ಮುಟ್ಟಿಸಬೇಕು. ಆದರೆ ರಾತ್ರಿಯ ಮಳೆಗೆ ಗುಡ್ಡ ಕುಸಿದು ದಾರಿ ಮುಚ್ಚಿದೆ. ಇನ್ನುಳಿದದ್ದು ಹೆಲಿಕಾಪ್ಟರ್. ಇನ್ಶೂರೆನ್ಸ್ ಇದೆಯೇ?

ಇದೆ! ಇದೆ! ಇವರ ಜೇಬಿನಿಂದ ನಾನೇ ಕಾರ್ಡ್ ತೆಗೆದು ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ. ಅಲ್ಲಾಹನಾಣೆ, ಆ ಧ್ವನಿ ಕೇಳಿದ್ದೇ ತಡ ಕಾಲಿಗೆ ಬಲ ಬಂತು. ನಮ್ಮ ಭಾಷೆ, ನಮ್ಮ ಕಡೆಯ ಹುಡುಗಿಯೇ. "ಗಾಬರಿಯಾಗ್ಬೇಡಿ ಅಮ್ಮ, ಎಲ್ಲಿದ್ದೀರಿ ಹೇಳಿ" ಎಂದಳು. ಎಲ್ಲ ಹೇಳಿದೆ. ಬರೆದುಕೊಂಡಳು. ಆಮೇಲೆ —

"ಅಮ್ಮ, ವಿಮಾನದ ಟಿಕೆಟ್ಟು ಇದೇ ಕಾರ್ಡಿಂದ ತಗೊಂಡಿದ್ದಲ್ವಾ?"

ನಾಲಿಗೆಯ ತುದಿಯಲ್ಲಿ "ಹೌದು" ಇತ್ತು. ಇವರ ಕಡೆ ನೋಡಿದೆ. ಹಾಸಿಗೆಯಿಂದಲೇ ತಲೆ ಅಲ್ಲಾಡಿಸಿದರು. ಸುಳ್ಳು ಬೇಡ.

"ನನ್ನ ತಮ್ಮ... ಅವನ ಕಾರ್ಡಿಂದ."

ಒಂದು ನಿಮಿಷ ಇರಿ ಎಂದು ಯಾರನ್ನೋ ಕೇಳಿಕೊಂಡು ಬಂದಳು.

"ಹಾಗಿದ್ರೆ ಈ ಪ್ರಯಾಣಕ್ಕೆ ರಕ್ಷಣೆ ಸಿಗೋದಿಲ್ಲಮ್ಮ. ಟಿಕೆಟ್ ಇದೇ ಕಾರ್ಡಲ್ಲಿ ಆಗಿರಬೇಕು. ಮೊದಲ್ನೇ ಷರತ್ತೇ ಅದು. ನಾನು ಮೇಲಿನವರನ್ನೂ ಕೇಳ್ದೆ... ಕ್ಷಮಿಸಿ ಅಮ್ಮ."  ಅವಳನ್ನೇನು ಬೈಯಲಿ?

ಅಷ್ಟು ಸಲ ಓದಿದರಲ್ಲ, ಓದಿದ್ದೆಲ್ಲ ಏನೇನು ಸಿಗುತ್ತದೆ ಎಂಬ ಪುಟಗಳು. ಯಾವಾಗ ಸಿಗುತ್ತದೆ ಎಂಬ ಸಣ್ಣಕ್ಷರದ ಪುಟ ಮಡಿಕೆಯೂ ಬಿಚ್ಚದೆ ಹಾಗೇ ಇತ್ತು.

ಹಾಬೆಸನಿಗೆ ಫೋನ್ ಮಾಡಿದೆ. ಕೇಳಿ ಹಣೆ ಚಚ್ಚಿಕೊಂಡ, ಸದ್ದು ಇಲ್ಲಿಗೆ ಕೇಳಿಸಿತು.

"ನನ್ನ ಬಾಯಿ ಸುಟ್ಟುಹೋಗ! ಅಕ್ಕಾ, ನನ್ನ ಕಾರ್ಡಿದೆಯಲ್ಲ, ಅವರನ್ನ ಕೇಳ್ತೀನಿ, ಇರು." ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದ. ಅವನ ಕಾರ್ಡು ಅವನಿಗೆ, ಹೆಂಡತಿಗೆ, ಮಕ್ಕಳಿಗೆ ಮಾತ್ರವಂತೆ. ಅಕ್ಕ-ಭಾವ ಅದರಲ್ಲಿ ಇಲ್ಲವಂತೆ.

"ನನ್ನ ಟೈರ್ ಅಂಗಡಿ ಮಾರ್ತೀನಿ ಅಕ್ಕ! ಹೆಲಿಕಾಪ್ಟರ್ ಕಳ್ಸು ಅನ್ನು!"

ಹೆಲಿಕಾಪ್ಟರಿನವರಿಗೆ ಹಣ ಮೊದಲು ಕೈಸೇರಬೇಕು, ಅಷ್ಟು ದೊಡ್ಡ ಮೊತ್ತ ಯಾರ ಕಾರ್ಡಿನಲ್ಲೂ ಆಗದು. ಇವತ್ತು ಶುಕ್ರವಾರ. ನಮ್ಮಲ್ಲಿ ಶುಕ್ರವಾರ, ಶನಿವಾರ ರಜೆ, ಬ್ಯಾಂಕು ಭಾನುವಾರವೇ ತೆಗೆಯುತ್ತದೆ. ಭಾನುವಾರದವರೆಗೆ ತಡೆಯಬಹುದೇ ಎಂದು ಕೇಳಿದೆ. ಡಾಕ್ಟರು ತಲೆ ಅಡ್ಡಡ್ಡ ಆಡಿಸಿದರು.

ಇವರ ತುಟಿ ಬೆಳ್ಳಗಾಗಿದೆ. ನಾನುಲಿ ಇಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದವಳು ಎದ್ದು ಹೊರಟಳು. ಬೀದಿಯಲ್ಲಿ ಅವಳ ಕೂಗು ಕೇಳಿಸುತ್ತಿದೆ. ಒಂದೊಂದೇ ಬಾಗಿಲು ಬಡಿಯುತ್ತಿದ್ದಾಳೆ. ಏನು ಮಾಡುತ್ತಿದ್ದಾಳೆ ಇವಳು...

ಸೆಪ್ಟೆಂಬರ್ 27, ಶನಿವಾರ. ಟಿಬಿಲಿಸಿ, ಆಸ್ಪತ್ರೆ

ಬದುಕಿದ್ದಾರೆ. ಇದನ್ನೇ ಮೊದಲು ಬರೆಯುತ್ತೇನೆ.

ನಿನ್ನೆ ನಾನು ಕಂಡದ್ದನ್ನು ಹೇಗೆ ಬರೆಯುವುದು? ಆ ಬೆಟ್ಟ ಕಂಡಾಗ ಇನ್ನು ಇದಕ್ಕಿಂತ ದೊಡ್ಡದು ನೋಡಲಾರೆ ಎಂದುಕೊಂಡಿದ್ದೆ. ನನ್ನ ತಲೆ!

ನಾನುಲಿ ಊರನ್ನೇ ಎಬ್ಬಿಸಿಕೊಂಡು ಬಂದಳು. ಇವರನ್ನು ಸ್ಟ್ರೆಚರಿಗೆ ಬಿಗಿದು ಟ್ರ್ಯಾಕ್ಟರಿನಲ್ಲಿ ಕುಸಿದ ಜಾಗದವರೆಗೆ ತಂದರು. ರಸ್ತೆಯೇ ಇಲ್ಲ. ಅರ್ಧ ಗುಡ್ಡ ನದಿಯ ಕಡೆ ಜಾರಿ ಕೂತಿದೆ. ಕೆಸರು, ಬಂಡೆ, ಬುಡಮೇಲಾದ ಮರ. ಅದರಾಚೆ ದೂರದಲ್ಲಿ ಆಂಬುಲೆನ್ಸಿನ ದೀಪ. ಡಾಕ್ಟರು ಕರೆಸಿದ್ದರು, ಆದರೆ ಈಚೆಗೆ ದಾಟುವಂತಿಲ್ಲ.

ಎರಡೂ ಕಡೆ ಲಾರಿಗಳ ಸಾಲು ನಿಂತುಹೋಗಿತ್ತು. ನಾನುಲಿ ಅವುಗಳ ಬಾಗಿಲನ್ನೂ ಬಡಿದಳು. ಇಳಿದರು. ಯಾವ ಯಾವ ದೇಶದವರೋ! ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆಚೆಯಿಂದಲೂ ಕೆಸರಿಗಿಳಿದು ಬಂದರು. ಹಗ್ಗ ಎಳೆದು ಕಟ್ಟಿದರು. ಹಗ್ಗದುದ್ದಕ್ಕೂ ಎದುರುಬದುರು ಎರಡು ಸಾಲಾಗಿ ನಿಂತರು, ಮೊಣಕಾಲು ಮುಳುಗುವ ಕೆಸರಿನಲ್ಲಿ. ಹೊತ್ತುಕೊಂಡು ಯಾರೂ ನಡೆಯಲಿಲ್ಲ. ನಡೆದರೆ ಜಾರುತ್ತದೆ. ನಿಂತಲ್ಲೇ ನಿಂತು, ಕೈಯಿಂದ ಕೈಗೆ ಇವರನ್ನು ದಾಟಿಸಿದರು. ಹಿಂದಿನವರ ಕೈಯಿಂದ ಸ್ಟ್ರೆಚರ್ ಮುಂದೆ ಹೋದರೆ ಅವರು ಹಗ್ಗ ಹಿಡಿದು ಓಡಿ ಮತ್ತೆ ಮುಂದಿನ ತುದಿಗೆ ಸೇರಿಕೊಳ್ಳುವರು. ಸಾಲು ಮುಗಿಯಲೇ ಇಲ್ಲ. ಮೇಲಿಂದ ಇನ್ನೂ ಸಣ್ಣ ಕಲ್ಲುಗಳು ಉರುಳುತ್ತಿದ್ದವು. ಒಬ್ಬರಾದರೂ ಮೇಲೆ ನೋಡಲಿಲ್ಲ. ನನ್ನ ಗಂಡ ಒಂದೇ ಒಂದು ಸಲವೂ ಅಲುಗಾಡಲಿಲ್ಲ. ಯಾ ರಬ್, ನನ್ನ ದೇವರೇ, ಯಾರು ಇವರೆಲ್ಲ? ಇವರಿಗೆ ನಾವೇನು?

ನಾನು ದಡದಲ್ಲಿ ಕಲ್ಲಾಗಿ ನಿಂತಿದ್ದೆ. ಅಂತಾಕಿಯಾ ಊರಿನ ಲಾರಿ ಡ್ರೈವರೊಬ್ಬ, ಅರಬ್ಬಿ ಬಲ್ಲವನು, ನನ್ನ ಮುಂದೆ ಬಂದು ಬೆನ್ನು ಬಾಗಿಸಿ ಕುಕ್ಕುರುಗಾಲಲ್ಲಿ ಕೂತ.

"ಹತ್ಕೊಳ್ಳಿ ಅಮ್ಮ."

"ಅಯ್ಯೋ ಮಗನೇ, ನನ್ನ ಭಾರ ನಿಂಗೆ ಗೊತ್ತಿಲ್ಲ."

"ಇಪ್ಪತ್ತು ಟನ್ ಎಳೆಯೋನು ನಾನು. ನೀವ್ಯಾವ ಲೆಕ್ಕ? ಹತ್ಕೊಳ್ಳಿ, ಹೊತ್ತಾಗ್ತಿದೆ."

ಕೂಸುಮರಿ ಹೋದೆ! ಈ ವಯಸ್ಸಿಗೆ! ಆಚೆ ಇಳಿಸಿದಾಗ ಅವನ ಕೈಗೆ ಏನಾದರೂ ಇಡಬೇಕೆಂದು ಚೀಲ ತಡಕಾಡಿದೆ. ಚೀಲದ ಬಾಯಿ ಅವನೇ ಮುಚ್ಚಿದ.

"ಯಜಮಾನ್ರನ್ನ ಬದುಕಿಸ್ಕೊಳ್ಳಿ, ಹೋಗಿ."

ಅವನ ಹೆಸರೂ ಕೇಳಲಿಲ್ಲ ನಾನು. ಆಂಬುಲೆನ್ಸಿನ ಬಾಗಿಲು ಮುಚ್ಚಿತು. ರಾತ್ರಿಯೆಲ್ಲ ರಕ್ತ ಕೊಟ್ಟು ಹಿಡಿದಿಟ್ಟಿದ್ದಾರೆ. ಇವತ್ತು ಆಪರೇಷನ್. ಹೃದಯ ಸೋತಿದೆ, ಮಾತು ಕೊಡಲಾರೆವು ಎಂದರು.

ಅದೇ ದಿನ, ಆಪರೇಷನ್ ಕೋಣೆಯ ಹೊರಗೆ

ಹಾಬೆಸ್ ಬಂದ. ಸಿಕ್ಕ ವಿಮಾನ ಹತ್ತಿ, ಅಂಗಡಿಯ ಗ್ರೀಸ್ ಮೆತ್ತಿದ ಅಂಗಿಯಲ್ಲೇ. ಇವರ ಕಾಲ ಬಳಿ ನಿಂತು ಹೋ ಎಂದು ಅತ್ತ.

"ಭಾವ, ನಾನೇ ನಿಮ್ಮನ್ನ ಕೊಂದೆ."

"ಷರತ್ತು ಓದದೇ ಇದ್ದೋನು ನಾನು. ನೀನ್ಯಾಕೋ ಅಳ್ತೀಯ?" ಸ್ವರ ದಾರದಷ್ಟಿತ್ತು. "ಹೋಗು, ಕೌಂಟರಲ್ಲಿ ಏನೋ ಕಟ್ಟಬೇಕಂತೆ. ಕಟ್ಟಿ ಬಾ."

ಹಾಬೆಸ್ ಬಾಯಿ ತೆರೆದು ನಿಂತ. ನಾನೂ. ಮದುವೆಯಾದಾಗಿನಿಂದ ಇವರ ಬಾಯಲ್ಲಿ ಇಂಥ ಮಾತು ಕೇಳಿಲ್ಲ.

ಅವನು ಹೋದ ಮೇಲೆ ನನ್ನ ಬೆರಳು ಹಿಡಿದರು.

"ರುವೈದಾ, ನಿನ್ನೆ ದಾರಿಯುದ್ದ ನಾನು ಕಣ್ಣು ಮುಚ್ಕೊಂಡಿದ್ದೆ."

"ನೋವಿಗೆ."

"ನೋವಿಗಲ್ಲ ಕಣೇ. ನಾಚಿಕೆಗೆ. ಅಷ್ಟು ಜನ... ಒಬ್ಬರ ಮುಖಾನೂ ನೋಡ್ಲಿಲ್ಲ ನಾನು. ಕೈ ಮಾತ್ರ ತಿಳೀತಿತ್ತು, ಒಂದಾದ್ಮೇಲೆ ಒಂದು. ಯಾರ್ಯಾರು ಹೇಳು. ಒಬ್ಬರನ್ನೂ ಬಿಡ್ಬೇಡ."

ಹೇಳತೊಡಗಿದೆ. ಮೊದಲು ಕೆಂಪು ಟೋಪಿಯವನು, ಮೀಸೆಗೆಲ್ಲ ಕೆಸರು. ಅವನೆದುರಿಗೆ ನಾನುಲಿಯ ಗಂಡ. ಆಮೇಲೆ ಒಬ್ಬ ಪಾದ್ರಿ, ಕಪ್ಪು ನಿಲುವಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ಇವರು ಕಲ್ಮಾ ಹೇಳುತ್ತಿದ್ದರೆ ಅವನು ತನ್ನ ಪ್ರಾರ್ಥನೆ ಹೇಳುತ್ತಿದ್ದ... ಅಷ್ಟರಲ್ಲಿ ನರ್ಸುಗಳು ಬಂದು ಮಂಚ ತಳ್ಳಿಕೊಂಡು ಹೊರಟರು. ಇವರು ಕತ್ತು ಹೊರಳಿಸಿ, "ಆಮೇಲೆ? ಪಾದ್ರಿ ಆದ್ಮೇಲೆ ಯಾರು?" ಎಂದರು. ಬಾಗಿಲು ಮುಚ್ಚಿತು.

ಕೂತಿದ್ದೇನೆ. ಹಾಬೆಸ್ ತಸ್ಬೀಹ್ ತಿರುಗಿಸುತ್ತಿದ್ದಾನೆ, ಮಣಿಗಳು ಕೈಬೆವರಿಗೆ ಅಂಟುತ್ತಿವೆ. ಉಳಿದವರು ಮರೆತುಹೋಗದಿರಲಿ ಎಂದು ಬರೆಯುತ್ತಿದ್ದೇನೆ. ಪಾದ್ರಿಯ ನಂತರ ಒಬ್ಬ ಬಡಕಲು ಮನುಷ್ಯ, ತುಟಿಯಲ್ಲಿ ಆರಿದ ಸಿಗರೇಟು, ಕೊನೆತನಕ ಬೀಳಲಿಲ್ಲ ಅದು. ಅಣ್ಣತಮ್ಮಂದಿರಂತೆ ಕಾಣುವ ಇಬ್ಬರು. ಪಟ್ಟಣದ ಹೆಂಗಸೊಬ್ಬಳು, ಬಸ್ಸಿನಿಂದ ಇಳಿದು ಬಂದವಳು, ಶೂ ಕೆಸರಿಗೆ ಬಿಟ್ಟು, ಉಗುರಿಗೆ ಬಣ್ಣ —

ಬಾಗಿಲು. ಡಾಕ್ಟರಮ್ಮ. ಮುಖದ ಮಾಸ್ಕ್ ಕೆಳಗೆಳೆದರು. ನಗುತ್ತಿದ್ದಾರೆ! ಹಾಬೆಸ್ ನೆಲಕ್ಕೆ ಹಣೆ ಇಟ್ಟ.

ಎಚ್ಚರಾದಾಗಿನಿಂದ ಇವರು ಒಂದೇ ಪದ ಹೇಳುತ್ತಿದ್ದಾರಂತೆ, ನೋವೋ ನೀರೋ ತಿಳಿಯುತ್ತಿಲ್ಲವಂತೆ. ಹಿಂದಿದ್ದ ನರ್ಸು ಆ ಪದವನ್ನು ತನ್ನ ನಾಲಿಗೆಯಲ್ಲಿ ತಿರುಚಿ ತಿರುಚಿ ಹೇಳಿ ತೋರಿಸಿದಳು. ನಮ್ಮ ಮಾತೇ ಅದು. "ಆಮೇಲೆ? ಆಮೇಲೆ?"

ಬಂದೆ ರೀ. ಪಾದ್ರಿ ಆದ ಮೇಲೆ...