ಡಾಕ್ಟರ್ ಯೋಗಾನಂದ ಎಂಬವರು ಇಲ್ಲಿ ಯಾರೂ ಇಲ್ಲ

ಕನಕಪುರ
9 ಫೆಬ್ರವರಿ 2025

ಪ್ರೀತಿಯ ಭಾನಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ಸಂಕ್ರಾಂತಿಗೆ ಕುದೂರಿಗೆ ಬರುತ್ತೇನೆಂದು ಹೇಳಿ ಕೈಕೊಟ್ಟೆ, ಎಷ್ಟು ಬೇಕಾದರೂ ಬೈದುಕೋ. ಫೋನ್ ಮಾಡೋಣವೆಂದರೆ ಮನೆಯಲ್ಲಿ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ಮೊದಲು ಸಿಹಿ ಸುದ್ದಿ. ನಮ್ಮ ಆಸ್ಪತ್ರೆಯ ಗಂಡಸರ ವಾರ್ಡಿಗೆ ನನ್ನನ್ನೇ ಇನ್‌ಚಾರ್ಜ್ ಮಾಡಿದ್ದಾರೆ. ಹಾರೋಹಳ್ಳಿಯ ಕಾರ್ಖಾನೆಯೊಂದರ ಪ್ರಥಮ ಚಿಕಿತ್ಸೆಯ ಕೋಣೆಗೂ ಕರೆ ಬಂದಿತ್ತು. ಫ್ಯಾನ್ ಕೆಳಗೆ ಕೂತು, ಯಾರ ಬೆರಳು ಯಾವಾಗ ಕುಯ್ದುಹೋಗುತ್ತದೋ ಎಂದು ಕಾಯುವ ಕೆಲಸ. ಒಲ್ಲೆ ಎಂದೆ. ಹೊತ್ತು ತಂದ ಮನುಷ್ಯ ತನ್ನ ಕಾಲಮೇಲೆ ನಡೆದು ಮನೆಗೆ ಹೋಗುವುದನ್ನು ನೋಡುವ ಸುಖ ಅಲ್ಲೆಲ್ಲಿ ಸಿಗುತ್ತದೆ?

ಇನ್ನು ತಮಾಷೆ ಕೇಳು. ಅಪ್ಪ ಊರಲ್ಲೆಲ್ಲ ನನ್ನನ್ನು ಡಾಕ್ಟರ್ ಎಂದೇ ಹೇಳಿಕೊಂಡು ಬಂದಿದ್ದಾರಲ್ಲ? ಅದನ್ನು ನಂಬಿಕೊಂಡು ಕೆಂಪಯ್ಯ ಚಿಕ್ಕಪ್ಪ ಹೊಟ್ಟೆನೋವೆಂದು ಬಂದವರು, "ನಮ್ ಡಾಕ್ಟ್ರು ಯೋಗಾನಂದ ಎಲ್ಲವ್ನೆ? ಅವನೇ ನೋಡ್ಬೇಕು" ಎಂದು ಬಾಗಿಲಲ್ಲೇ ಪಟ್ಟು ಹಿಡಿದರಂತೆ. ನನ್ನ ಜೊತೆಯ ನರ್ಸ್ ಇಕ್ರಾ, "ಆ ಹೆಸರಿನ ಡಾಕ್ಟರ್ ಇಲ್ಲಿ ಯಾರೂ ಇಲ್ಲ, ನರ್ಸ್ ಬ್ರದರ್ ಇದ್ದಾರೆ" ಎಂದು ಕರೆತಂದಳು. ನಾನೋ, ಒಬ್ಬ ಅಜ್ಜನಿಗೆ ಬೆಡ್‌ಪ್ಯಾನ್ ಇಡುತ್ತಿದ್ದೆ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಚಿಕ್ಕಪ್ಪನಿಗೆ ಇದ್ದದ್ದು ಕಿಡ್ನಿ ಕಲ್ಲು. ಒಂದು ವಾರ ನನ್ನ ವಾರ್ಡಿನಲ್ಲೇ ಮಲಗಿದ್ದರು. ಹೊರಡುವಾಗ ನನ್ನ ಕೈ ಹಿಡಿದು, "ಸೂಜಿ ಚುಚ್ಚಿದ್ದೇ ಗೊತ್ತಾಗ್ನಿಲ್ಲ ಕಣ್ಲಾ. ಡಾಕ್ಟ್ರು ಒಸಿ ಇಣುಕ್ ನೋಡಿ ಹೋಯ್ತಿದ್ರು, ನೀನು ಹೊತ್ತೊತ್ಗೂ ಬಂದು ನೋಡ್ಕೊಂಡೆ" ಎಂದರು. ಊರಿಗೆ ಹೋಗಿ ಅರಳಿಕಟ್ಟೆಯಲ್ಲೂ ಅದನ್ನೇ ಸಾರಿದ್ದಾರೆ. ಈಗ ಊರಿನವರು ಯಾರೇ ಬಂದರೂ ಬ್ರದರ್ ಯೋಗಾನಂದನನ್ನೇ ಕೇಳುತ್ತಾರೆ. ನನಗಂತೂ ದಿನಾ ಹಬ್ಬ ಅಕ್ಕ, ಈ ಕೆಲಸಕ್ಕೆ ಬಂದದ್ದು ಸಾರ್ಥಕವಾಯಿತು.

ಭಾವನಿಗೆ ನಮಸ್ಕಾರ, ಚೈತನ್ಯನಿಗೆ ಮುತ್ತು. ನೀವೆಲ್ಲ ತಣ್ಣಗಿರಿ.

ನಿನ್ನ ತಮ್ಮ
ಯೋಗಾನಂದ

ಇನ್ನೊಂದು ಮಾತು: ಅಪ್ಪನ ಸಕ್ಕರೆ ಕಾಯಿಲೆಯ ಕಾಲುಹುಣ್ಣಿಗೆ ನಮ್ಮ ಆಸ್ಪತ್ರೆಯಲ್ಲೇ ಡ್ರೆಸ್ಸಿಂಗ್ ಆಗುತ್ತಿದೆ. ಮಾಡುವವಳು ಇಕ್ರಾ. ಮೊದಲ ದಿನ ನಾನೇ ಮಾಡೋಣವೆಂದು ಬಗ್ಗಿದರೆ ಅಪ್ಪ ಕಾಲು ಎಳೆದುಕೊಂಡುಬಿಟ್ಟರು. "ಮಗನ ಕೈಲಿ ಕೀವು ತೊಳಿಸ್ಕೊಳ್ಳಾಕೇನ್ಲಾ ನಿನ್ನ ಓದ್ಸಿದ್ದು?" ಎಂದರು. ಕಂಡವರ ಅಪ್ಪಂದಿರ ಹುಣ್ಣನ್ನೆಲ್ಲ ನಾನು ತೊಳೆಯುತ್ತೇನೆ ಅಕ್ಕ. ನಮ್ಮಪ್ಪ ಬಂದಾಗ ಮಾತ್ರ ಪರದೆಯಾಚೆ ನಿಂತಿರುತ್ತೇನೆ.