ಹದ್ದುಗಲ್ಲಿನಲ್ಲಿ ಉಂಡ ಊಟ

ಹೊನ್ನಾವರ
ಗುರುವಾರ, 21-11-1974

ಅಕ್ಕನ ಮಗಳು, ನನ್ನ ಮುದ್ದಿನ ಸೊಸೆ ಯಶೋದಳಿಗೆ,

ಅರಬ್ಬೀ ಸಮುದ್ರವನ್ನು ಒಂದೇ ಉಸಿರಿಗೆ ಈಜಿ ದಾಟಿದ ನಿನ್ನ ಸೋದರಮಾವ ಮುನಿವೆಂಕಟಪ್ಪ ಮಾಡುವ ಆಶೀರ್ವಾದ. ಬೋಟೂ ಬಂತು, ಆದರೆ ನನ್ನ ಹಿಂದೆ, ನನ್ನ ಚಪ್ಪಲಿ ಹೊತ್ತುಕೊಂಡು. ಹೆಗ್ಗನಹಳ್ಳಿ ಕೆರೆಯಲ್ಲಿ ಎಮ್ಮೆ ಬಾಲ ಹಿಡಿದು ಈಜು ಕಲಿತವನಿಗೆ ಸಮುದ್ರ ಯಾವ ಲೆಕ್ಕ?

ಭಾವ ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಎಂದಿನ ಹಾಗೆ ನಿನ್ನ ಕೈಯಲ್ಲೇ ಕಾಗದ ಓದಿಸುತ್ತಾರೆ. ಗಟ್ಟಿಯಾಗಿ ಓದು, ಅಡಿಗೆ ಮನೆಯಲ್ಲಿರುವ ಅಕ್ಕನಿಗೂ ಕೇಳಲಿ.

ನನ್ನನ್ನು ಕಳಿಸಿದ್ದು ಯಾಕೆಂದು ಮನೆಗೆಲ್ಲ ಗೊತ್ತು. ಹುಡುಗ ಗೋಪೀನಾಥನ ಫೋಟೋ ನಿನಗೆ ಹಿಡಿಸಿತ್ತು, ಭಾವನಿಗೆ ಅವನ ಕೆಲಸ ಹಿಡಿಸಿರಲಿಲ್ಲ. ಸಮುದ್ರದ ನಡುವೆ ಲೈಟ್‌ಹೌಸಿನಲ್ಲಿ ದೀಪ ಹಚ್ಚುವವನಿಗೆ ಹೆಣ್ಣು ಕೊಡೋದಾ, ವಿಜಯನಗರದಲ್ಲೇ ಜವಳಿ ಅಂಗಡಿಯವನ ಮಗ ಕಾಯ್ತಾ ಇಲ್ವಾ ಅಂತ. ಆದರೆ ಹುಡುಗನ ಕಡೆಯವರು ಮಾಗಡಿಯ ನಮ್ಮ ಬಂಧುಗಳೇ, ನೋಡದೆ ಬೇಡ ಅನ್ನುವ ಹಾಗಿಲ್ಲ. ‘ಹೋಗು ಮುನಿವೆಂಕಟ, ಮನೆ ನೋಡು, ಏನಾದ್ರೂ ಒಂದು ಕೊಂಕು ಹುಡುಕ್ಕೊಂಡು ಬಾ. ಅವರ ಮನೇಲಿ ಮಾತ್ರ ಕೈ ತೊಳೀಬೇಡ’ ಎಂದು ಇನ್ನೂರು ರೂಪಾಯಿ ಕೊಟ್ಟು ಬಸ್ಸು ಹತ್ತಿಸಿದರು.

ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಉಂಡರೆ ಮಾತು ಕೊಟ್ಟ ಹಾಗೆ. ಈ ಕಟ್ಟಳೆಯನ್ನು ಭಾವನಷ್ಟು ಬಿಗಿಯಾಗಿ ಹಿಡಿದವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಒಂದು ಲೋಟ ಮಜ್ಜಿಗೆ ಕುಡಿದ ಮೇಲೆ ಮಾತು ತಿರುಗಿಸಲು ನೋಡಿದ ನಮ್ಮೂರ ಮುನಿಯಣ್ಣನನ್ನು ಅರಳಿಕಟ್ಟೆಯಲ್ಲಿ ಹತ್ತು ಜನರ ಮುಂದೆ ನಿಲ್ಲಿಸಿ, ಅವನ ಮಗಳ ಮದುವೆ ಮಾಡಿಸಿದವರು ಅವರೇ ತಾನೇ?

ಸರಿ, ಭಾನುವಾರ ಬೆಳಿಗ್ಗೆ ಹದ್ದುಗಲ್ಲು ದ್ವೀಪಕ್ಕೆ ಕಾಲಿಟ್ಟೆ. ಅದೊಂದು ಬಂಡೆಗುಡ್ಡ, ನೆತ್ತಿಯ ಮೇಲೆ ಕಲ್ಲಿನ ಗೋಪುರ. ಬಿಳಿಯರ ಕಾಲದ್ದು, ನೂರು ವರ್ಷ ದಾಟಿದೆಯಂತೆ. ಒಳಗಿನ ದೀಪ ನಮ್ಮ ಮದುವೆ ಮೆರವಣಿಗೆಯ ಗ್ಯಾಸ್‌ಲೈಟಿನ ಮುತ್ತಾತ. ಅದರ ಸುತ್ತ ಆಳೆತ್ತರದ ಗಾಜಿನ ಗೂಡು. ಬಾವಿಯಿಂದ ಕೊಡ ಸೇದಿದ ಹಾಗೆ ಒಂದು ಭಾರದ ಗುಂಡನ್ನು ಮೇಲಕ್ಕೆ ಸುತ್ತಿಟ್ಟರೆ, ಅದು ಇಳಿಯುತ್ತಾ ಗೂಡನ್ನು ತಿರುಗಿಸುತ್ತದೆ. ನಾನೂ ಒಂದು ಸುತ್ತು ಸುತ್ತಿದೆ. ಆವತ್ತು ಹಡಗುಗಳೆಲ್ಲ ಸರಿಯಾದ ದಾರಿ ಹಿಡಿದದ್ದು ನನ್ನಿಂದಲೇ.

ಮಿಕ್ಕಿದ್ದೆಲ್ಲ ಹಕ್ಕಿಗಳದ್ದು. ಸರ್ಕಾರದವರು ದ್ವೀಪವನ್ನು ಪಕ್ಷಿಧಾಮ ಮಾಡಿ ಬೋರ್ಡು ನೆಟ್ಟಿದ್ದಾರೆ. ಮನುಷ್ಯರು ಇಬ್ಬರೇ: ನಮ್ಮ ಗೋಪೀನಾಥ, ಅವನ ಮೇಲಿನವನು ಕರಿಬಸಪ್ಪ ಎಂಬ ಹಾವೇರಿ ಕಡೆಯ ಮೀಸೆಯ ಆಸಾಮಿ. ಗೋಪುರದ ಬುಡದಲ್ಲೇ ಹುಡುಗನ ಮನೆ. ಎರಡು ಕೋಣೆ, ಸುಣ್ಣ ಬಳಿದ ಗೋಡೆ, ಸಂಸಾರ ಇಡಬಹುದು. ಕಿಟಕಿ ತೆಗೆದರೆ ಬರೀ ನೀರು.

ಸಂಜೆಗೆ ಗಾಳಿ ಎದ್ದಿತು. ಕರೆದುಕೊಂಡು ಹೋಗಬೇಕಿದ್ದ ಬೋಟು ಬರಲೇ ಇಲ್ಲ. ಅಕ್ಕ ಕಟ್ಟಿಕೊಟ್ಟಿದ್ದ ನಿಪ್ಪಟ್ಟು ಬರುವಾಗಲೇ ಉಪ್ಪುನೀರಿನಲ್ಲಿ ನೆನೆದು ಹಿಟ್ಟಾಗಿತ್ತು. ಆದರೂ ನಾನು ಕೈ ತೊಳೆಯಲಿಲ್ಲ. ತೊಟ್ಟಿಯಲ್ಲಿದ್ದ ಮಳೆನೀರು ಕುಡಿದೆ. ಅದು ಆಕಾಶದ್ದು, ಗಂಡಿನ ಮನೆಯದ್ದಲ್ಲ. ಕರಿಬಸಪ್ಪ ಮೀಸೆ ತಿರುವಿ ‘ಇವತ್ತಲ್ಲ ನಾಳೆ ಉಣ್ತೀರಿ ಬಿಡ್ರೀ ಯಜಮಾನ್ರ’ ಎಂದು ನಕ್ಕ. ನನಗೆ ರೇಗಿತು. ಬೋಟು ದಡ ಮುಟ್ಟುವವರೆಗೂ ನಿಮ್ಮ ಅಗುಳು ಮುಟ್ಟಲ್ಲ ಎಂದು ಐದು ರೂಪಾಯಿ ಪಂದ್ಯ ಕಟ್ಟಿದೆ.

ಸೋಮವಾರ ಹೊಟ್ಟೆ ತಾಳಲಿಲ್ಲ. ಬಂಡೆಯ ಸಂದಿಯಲ್ಲಿ ಪಾರಿವಾಳದ ಎರಡು ಮೊಟ್ಟೆ ಸಿಕ್ಕವು. ಸುಟ್ಟು ತಿನ್ನೋಣ ಎಂದು ಹಿಡಿದು ಬರುತ್ತಿದ್ದರೆ ಗೋಪೀನಾಥ ಅಡ್ಡ ನಿಂತ. ‘ಕೊಡಿ ಮಾವ, ಇಲ್ಲಿ ಮೊಟ್ಟೆ ಮುಟ್ಟೋ ಹಾಗಿಲ್ಲ’ ಎಂದ. ‘ಹೆಣ್ಣು ಕೊಡೋಕೆ ಬಂದಿರೋ ಮಾವ ಕಣಯ್ಯಾ ನಾನು. ಎರಡು ಮೊಟ್ಟೆಗೋಸ್ಕರ ಸಂಬಂಧ ಕಳ್ಕೋತೀಯಾ?’ ಎಂದೆ. ‘ಸಂಬಂಧ ನಿಮ್ಮಿಷ್ಟ ಮಾವ. ಮೊಟ್ಟೆ ಮಾತ್ರ ಹಕ್ಕೀದು’ ಎಂದು ನನ್ನ ಅಂಗೈಯಿಂದ ಮೆಲ್ಲಗೆ ಎತ್ತಿಕೊಂಡು ಹೋಗಿ ಗೂಡಿನಲ್ಲಿಟ್ಟ! ನೋಡಿದಿರಾ ಭಾವ, ಅವನ ಸೊಕ್ಕನ್ನು? ನೀವು ಹೇಳಿದ್ದ ಕೊಂಕು ಸಿಕ್ಕಿತು ಎಂದುಕೊಂಡೆ.

ಆದರೆ ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲೆ ಬಂತು. ಬೋಟಿನ ಸುಳಿವೇ ಇಲ್ಲ. ಹುಡುಗ ಊರಿನಿಂದ ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿ, ಹುರುಳಿಕಾಳು ಸಾರು ಮಾಡಿದ್ದ. ಕಟ್ಟಳೆ ಮುರಿಯಬಾರದು, ನಿಜ. ಆದರೆ ಸೋದರಮಾವನ ಹೆಣ ಬಿದ್ದ ಮನೆಯಲ್ಲಿ ಯಾವ ಮದುವೆಯೂ ನಡೆಯುವುದಿಲ್ಲವಲ್ಲ. ಕೈ ತೊಳೆದೆ, ಉಂಡೆ, ಎರಡನೇ ಮುದ್ದೆಯನ್ನೂ ಹಾಕಿಸಿಕೊಂಡೆ. ಉಂಡ ಮೇಲೆ ಬೋಟು ಬಂತು. ದೇವರ ಆಟ.

ಕರಿಬಸಪ್ಪನ ಕಣ್ಣೆದುರಿಗೇ ಉಂಡಿದ್ದೇನೆ. ಅವನು ಅದೇ ಬೋಟಿನಲ್ಲಿ ಮಾಗಡಿಗೆ ಕಾಗದ ಕಳಿಸಿಯಾಯಿತು. ಇನ್ನು ಮಾತು ತಿರುಗಿಸಿದರೆ ಅರಳಿಕಟ್ಟೆಯ ಮೇಲೆ ನಿಲ್ಲುವವರು ಯಾರು ಎಂಬುದನ್ನು ಭಾವನೇ ಯೋಚಿಸಲಿ. ಜವಳಿ ಅಂಗಡಿಯವರಿಗೆ ಏನು ಹೇಳಬೇಕೋ ಅದನ್ನು ನಾನು ಬಂದು ಹೇಳುತ್ತೇನೆ. ಅಂಥ ಮಾತಿಗೆ ನನ್ನಂಥ ನಾಲಿಗೆ ಬೇಕು. ಭಾವನ ಕೋಪ ಇಳಿಯಲಿ ಎಂದು ಇಲ್ಲೇ ಇನ್ನೆರಡು ದಿನ ಇದ್ದು ಹೊರಡುತ್ತೇನೆ.

ಸಮುದ್ರವನ್ನೂ ಮುದ್ದೆಯನ್ನೂ ಗೆದ್ದ ನಿನ್ನ ಮಾವ,
ಮುನಿವೆಂಕಟಪ್ಪ

ತಾ.ಕ.: ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಕಾಗದ ಮುಗೀತು ಅಂದು ಎದ್ದು ಹಿತ್ತಿಲಿಗೆ ಹೋಗು.

ಹೋದೆಯಾ? ಕೇಳು. ಊಟಕ್ಕೆ ಕೂರುವ ಮೊದಲು ಗೋಪುರ ಹತ್ತಿದ್ದೆ. ಬೋಟು ಬರುತ್ತಿರುವುದು ಅಲ್ಲಿಂದ ಚೆನ್ನಾಗಿ ಕಾಣಿಸಿತು. ಇನ್ನೊಂದು ಗಳಿಗೆ ತಡೆದಿದ್ದರೆ ಹಸಿದ ಹೊಟ್ಟೆಯಲ್ಲೇ ಹೊರಟು ಬಂದು, ಭಾವನ ಮುಂದೆ ಆ ಸೊಕ್ಕಿನ ಕಥೆ ಹೇಳಿ, ಸಂಬಂಧ ಮುರಿಯಬಹುದಿತ್ತು. ಸರಸರ ಇಳಿದು ಬಂದು, ‘ಬೇಗ ಬಡಿಸಯ್ಯಾ’ ಎಂದು ನಾನೇ ಕೂತೆ. ಹೆಣ್ಣು ಕೊಡುವ ಮಾವನಿಗೇ ಹೆದರದವನು ನಿಮ್ಮಪ್ಪನ ಮುಂದೆಯೂ ನಿನ್ನ ಪರ ನಿಲ್ಲುತ್ತಾನೆ. ಜವಳಿ ಅಂಗಡಿಯವನ ಮಗನಾಗಿದ್ದರೆ ಮೊಟ್ಟೆಗೆ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದ.

ಈಜಿದ್ದು ಸುಳ್ಳು, ನಿನಗೆ ಗೊತ್ತೇ ಇದೆ. ಬೋಟಿನ ಅಂಚು ತಬ್ಬಿಕೊಂಡು ದಾರಿಯುದ್ದಕ್ಕೂ ವಾಂತಿ ಮಾಡಿದೆ. ಊರಿಗೆ ಬರುವ ಬಸ್ ಚಾರ್ಜನ್ನೂ ಗೋಪೀನಾಥನೇ ಕೊಟ್ಟಿದ್ದಾನೆ, ಯಾಕೆಂದರೆ ಪಂದ್ಯ ಐದು ರೂಪಾಯಿಯದ್ದಲ್ಲ. ಆ ಮೀಸೆಯವನು ಒಂದು ನೋಟನ್ನೂ ಬಿಡದೆ ಜೇಬಿಗಿಳಿಸಿದ. ನಿನ್ನ ಮದುವೆಗೆ ನನ್ನ ಮುಯ್ಯಿ ಈಗಲೇ ಸಂದಿತು ಎಂದು ತಿಳಿದುಕೋ. ದುಡ್ಡು ನಿಮ್ಮಪ್ಪನದೇ ಆದರೂ ಸೋತವನು ನಾನು: ನೂರ ಎಂಬತ್ತು ರೂಪಾಯಿ.