ಅಭಿನಂದನೆಗಳು ಸರ್

ಮಾರ್ಚ್ 3, ಸೋಮವಾರ

ಕುರ್ಚಿ ಎಳೆದುಕೊಳ್ಳುವ ಮೊದಲೇ ಫೋನು. ಮೇಲ್ ಹೋಗುತ್ತಿಲ್ಲವಂತೆ. ಹೇಗೆ ಹೋಗಬೇಕು? ಮೇಲ್‌ಬಾಕ್ಸ್ ಕಂಠಮಟ್ಟ ತುಂಬಿದೆ. ಹಳೆಯದನ್ನು ಅಳಿಸಿ ಎಂದರೆ ಆಸ್ತಿ ಬರೆದುಕೊಡಿ ಎಂದ ಹಾಗೆ ನೋಡುತ್ತಾರೆ.

ಹಳೆಯ ಸರ್ವರ್ ಹಿಟ್ಟಿನ ಗಿರಣಿಯ ಹಾಗೆ ಅರಚುತ್ತಿದೆ. ಹೊಸದು ಬಂದು ಡಬ್ಬದಲ್ಲೇ ಕೂತಿದೆ. ಈ ಭಾನುವಾರ ಬದಲಾವಣೆ. ಮೇಲ್ ನನ್ನದು, ಡಿಸ್ಕು-ವೈರು ಪಕ್ಕದ ಕುರ್ಚಿಯ ಕೇಬಲಣ್ಣನದು. ಇಬ್ಬರೂ ಕಾಂಟ್ರಾಕ್ಟ್. ವರ್ಷಕ್ಕೊಮ್ಮೆ ಮ್ಯಾನೇಜರ್ ಮುಂದೆ ಹಲ್ಲು ಗಿಂಜುವ ಜಾತಿ.

ಇವತ್ತು ಮ್ಯಾನೇಜರೇ ಕರೆದು ಹೇಳಿದರು — ಕೆಲಸ ಸುಸೂತ್ರ ಮುಗಿದರೆ ಇಬ್ಬರಲ್ಲಿ ಒಬ್ಬರು ಪರ್ಮನೆಂಟ್. ಯಾರು ಎಂದೆ. "ನೋಡೋಣ." ಆ ಮನುಷ್ಯನ ಬಾಯಲ್ಲಿ ಬರುವುದೇ ಅದೊಂದು. ನಾವು ಇಟ್ಟ ಹೆಸರೂ ನೋಡೋಣ ಸಾಹೇಬ.

ಹೊರಗೆ ಬಂದ ಮೇಲೆ ಕೇಬಲಣ್ಣ, ತನಗೆ ಈ ವಯಸ್ಸಲ್ಲಿ ಅದೆಲ್ಲ ಯಾಕೆ, ನಿನಗೇ ಆಗಲಿ ತಂಗಿ, ಅಮ್ಮನ ಮಂಡಿಗೆ ದಾರಿಯಾಗುತ್ತದೆ ಎಂದ. ಪರ್ಮನೆಂಟ್ ಆದರೆ ಇನ್ಶೂರೆನ್ಸ್‌ನಲ್ಲಿ ಅಮ್ಮನ ಆಪರೇಷನ್ ಆಗುತ್ತದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ವರ್ಷದ ಮೇಲಾಯಿತು ಅಮ್ಮ ಕೆಳಗಿಳಿದು. ಕಿಟಕಿಯಲ್ಲಿ ಕೂತೇ ಇಡೀ ಬೀದಿ ಆಳುತ್ತಾಳೆ.

ಮಾರ್ಚ್ 6

ಮೈಯೆಲ್ಲ ಉರಿಯುತ್ತಿದೆ.

ನಮ್ಮ ಕಂಪನಿಯಲ್ಲೊಂದು ಶಾಸ್ತ್ರವಿದೆ. ಯಜಮಾನರು ಎಲ್ಲರಿಗೂ ಮೇಲ್ ಕಳಿಸಿದರೆ ಎಲ್ಲರೂ "ಅಭಿನಂದನೆಗಳು ಸರ್" ಎಂದು ಉತ್ತರಿಸಬೇಕು. ಅವರೊಬ್ಬರಿಗೆ ಅಲ್ಲ — ರಿಪ್ಲೈ ಆಲ್. ಭಕ್ತಿ ನಾಲ್ಕು ಜನಕ್ಕೆ ಕಾಣಬೇಡವೇ? ಬರೆಯದವರು ಯಾರು ಎಂದು ನೋಡೋಣ ಸಾಹೇಬ ಮಧ್ಯಾಹ್ನದೊಳಗೆ ಕಣ್ಣಾಡಿಸುತ್ತಾರೆ. ಯಜಮಾನರೋ ದೊಡ್ಡ ದೊಡ್ಡ ಫೋಟೋಗಳನ್ನು ಮೇಲ್ ಒಳಗೇ ಅಂಟಿಸುವವರು. ಪ್ರತಿ ಉತ್ತರದ ಬಾಲಕ್ಕೂ ಅದೇ ಫೋಟೋ. ಆರುನೂರು ಜನರ ಉತ್ತರ, ಒಂದೊಂದೂ ಮತ್ತೆ ಆರುನೂರು ಜನಕ್ಕೆ.

ಅದಕ್ಕೇ ಹಳೆಯ ಸರ್ವರ್‌ಗೆ ಮಿತಿ ಹಾಕಿದ್ದೆ. ಎಲ್ಲರಿಗೂ ಹೋಗುವ ಮೇಲ್‌ನಲ್ಲಿ ಫೋಟೋ ಇದ್ದರೆ ವಾಪಸ್ಸು. ಯಜಮಾನರದ್ದೂ ಎರಡು ಸಲ ವಾಪಸ್ಸಾಗಿ ರಂಪವಾಗಿತ್ತು. ಹೊಸದರಲ್ಲಿ ಅದು ಇರಕೂಡದಂತೆ, ನೋಡೋಣ ಸಾಹೇಬರ ಅಪ್ಪಣೆ.

"ಯಜಮಾನ್ರಿಗೇ ಲಿಮಿಟ್ ಹಾಕ್ತೀಯೇನಮ್ಮಾ? ತೆಗೆದುಬಿಡು."

ಡಿಸ್ಕ್ ತುಂಬುತ್ತದೆ, ಸರ್ವರ್ ನಿಲ್ಲುತ್ತದೆ ಎಂದೆ. ಇಷ್ಟು ದುಡ್ಡು ಸುರಿದು ಹೊಸದು ತಂದಿದ್ದು ಮತ್ತೆ ಯಾಕೆ ಎಂದರು. ಆಮೇಲೆ ಇದ್ದೇ ಇದೆಯಲ್ಲ — ನೋಡೋಣ. ತೆಗೆದೆ. ಬರೆದು ಕೊಡಿ ಎಂದು ಕೇಳುವ ಧೈರ್ಯ ಕಾಂಟ್ರಾಕ್ಟಿನವಳಿಗೆ ಎಲ್ಲಿಂದ ಬರಬೇಕು?

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಆಯ್ತು. ಮೇಲ್‌ಬಾಕ್ಸ್‌ಗಳೆಲ್ಲ ಹೊಸದಕ್ಕೆ ಹೋದವು. ನನ್ನ ಫೋನಿಂದ ಆಫೀಸಿಗೊಂದು ಮೇಲ್ ಬಿಟ್ಟು ಉಸಿರು ಹಿಡಿದು ಕೂತೆ. ಸರ್ವರ್ ರೂಮಿಂದ ಕೇಬಲಣ್ಣ "ಬಂತು ತಂಗೀ" ಎಂದು ಕೂಗಿದ. ಇಬ್ಬರೂ ನೆಲದ ಮೇಲೇ ಕೂತು ಚಹಾ ಕುಡಿದೆವು. ವೈರುಗಳನ್ನು ಜಡೆ ಹೆಣೆದ ಹಾಗೆ ಕಟ್ಟಿದ್ದಾನೆ, ಪುಣ್ಯಾತ್ಮ. ಎಷ್ಟು ದಿನವಾಗಿತ್ತು ನಗದೆ.

ಮಾರ್ಚ್ 10, ಹನ್ನೊಂದೂವರೆ

ಬೆಳಿಗ್ಗೆಯೇ ಯಜಮಾನರು ಫೋಟೋ ತೆಗೆಯುವವನನ್ನು ಕರೆದುಕೊಂಡು ಸರ್ವರ್ ರೂಮಿಗೆ ಬಂದಿದ್ದರು. ಹೊಸ ಸರ್ವರ್ ಮೇಲೆ ಕೈಯಿಟ್ಟು ನಿಂತರು, ತಾವೇ ಹೆತ್ತವರ ಹಾಗೆ. ಹತ್ತಕ್ಕೆ ಎಲ್ಲರಿಗೂ ಮೇಲ್. ಒಳಗೆ ನಾಲ್ಕು ಫೋಟೋ.

ಶುರುವಾಯಿತು. ಅಭಿನಂದನೆಗಳು ಸರ್. ಅಭಿನಂದನೆಗಳು ಸರ್. ಅಭಿನಂದನೆಗಳು ಸರ್... ಹೋಗಲು ಕಾದು ನಿಂತ ಮೇಲ್‌ಗಳ ಕ್ಯೂ ಬೆಳೆಯುತ್ತಲೇ ಇದೆ. ನಿಲ್ಲಿಸಲೇ ಎಂದು ನೋಡೋಣ ಸಾಹೇಬರಿಗೆ ಫೋನ್ ಮಾಡಿದೆ. ಯಜಮಾನರಿಗೆ ಬರುವ ಅಭಿನಂದನೆ ನಿಲ್ಲಿಸುತ್ತೀಯಾ, ತಲೆ ನೆಟ್ಟಗಿದೆಯಾ ಎಂದರು. ಆಗಲೂ ಅವರು ತಮ್ಮ ಅಭಿನಂದನೆ ಟೈಪ್ ಮಾಡುತ್ತಿದ್ದರು, ಕೀಬೋರ್ಡ್ ಸದ್ದು ಕೇಳಿಸಿತು.

ಡಿಸ್ಕ್ ತುಂಬಿತು. ನಿಂತಿತು.

ಅದೇ ದಿನ, ಸಂಜೆ

ಕ್ಯೂ ಖಾಲಿ ಮಾಡಿ, ಅಭಿನಂದನೆಗಳನ್ನೆಲ್ಲ ಗುಡಿಸಿ ಹಾಕಿ, ನಾಲ್ಕಕ್ಕೆ ಎಬ್ಬಿಸಿದೆವು. ಆ ನಡುವೆ ದೊಡ್ಡದೊಂದು ಆರ್ಡರ್‌ನ ಮೇಲ್ ವಾಪಸ್ಸು ಹೋಗಿ ಗಿರಾಕಿ ಬೇರೆಯವರ ಹತ್ತಿರ ಹೋದನಂತೆ. ಯಜಮಾನರು ಕೆಂಡ. ಯಾರು ಮಾಡಿದ್ದು ಎಂದು ಕೇಳುತ್ತಿದ್ದಾರಂತೆ. ಕನ್ನಡಿ ಕೊಡಬೇಕಿತ್ತು.

ಮಾರ್ಚ್ 12

ನೋಡೋಣ ಸಾಹೇಬರ ಕೋಣೆ. ಬಾಗಿಲು ಹಾಕಿಸಿದರು. ಬಹಳ ಮೃದು ಮಾತು. ನನ್ನನ್ನು ಮಗಳು ಎಂದರು. ಯಜಮಾನರಿಗೆ ಒಂದು ರಿಪೋರ್ಟ್ ಹೋಗಬೇಕು. ಡಿಸ್ಕ್ ಜೋಡಿಸಿದ್ದು ಸರಿಯಿರಲಿಲ್ಲ, ಅದಕ್ಕೇ ನಿಂತಿತು ಎಂದು ಬರೆದರೆ ಸಾಕು.

"ಡಿಸ್ಕ್ ಕೇಬಲಣ್ಣನ ಕೆಲಸ ಅಲ್ವಾ ಸರ್?"

"ಯಾರದು ಅಂತ ನಾನು ಹೇಳಿದ್ನಾ? ನೀನು ಬರಿ. ನಿನ್ನ ಪರ್ಮನೆಂಟ್ ಆರ್ಡರ್‌ಗೆ ಸಹಿ ಹಾಕಿಸೋದು ನನ್ನ ಜವಾಬ್ದಾರಿ."

ಎಷ್ಟು ಸಲೀಸು! ಯಜಮಾನರ ಫೋಟೋ, ಇವರ ಅಪ್ಪಣೆ, ಗೂಬೆ ಕೂರಿಸಲು ಆ ಮುದುಕನ ತಲೆ. ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ. ಆಗಲೇ ಆಗುವುದಿಲ್ಲ ಎನ್ನಬೇಕಿತ್ತು. ಅಮ್ಮನ ಮಂಡಿ ನನ್ನ ನಾಲಿಗೆ ಹಿಡಿಯಿತು.

ಮಾರ್ಚ್ 13

ಅಮ್ಮನಿಗೆ ಎಲ್ಲ ಹೇಳಿದೆ. ಬಚ್ಚಿಟ್ಟರೂ ಮುಖ ನೋಡಿಯೇ ಕಂಡುಹಿಡಿಯುತ್ತಾಳೆ. ಕಾಲು ನೀವಿಕೊಳ್ಳುತ್ತಾ ಕೇಳಿಸಿಕೊಂಡಳು.

"ನನ್ನ ಕಾಲು ನೆಟ್ಟಗೆ ಮಾಡೋಕೆ ಇನ್ನೊಬ್ಬನ ಕಾಲು ಮುರೀಬೇಡ ಕಣೇ."

ಅಷ್ಟೇ. ಮತ್ತೆ ಕಿಟಕಿಗೆ ತಿರುಗಿ, ಕೆಳಗೆ ಅಡ್ಡಾದಿಡ್ಡಿ ಗಾಡಿ ನಿಲ್ಲಿಸಿದವನಿಗೆ ಬೈಯತೊಡಗಿದಳು.

ಆಫೀಸಿಗೆ ಹೋದವಳೇ, ಬರೆಯುವುದಾದರೆ ನಡೆದದ್ದನ್ನೇ ಬರೆಯುತ್ತೇನೆ ಸರ್ ಎಂದೆ. ಅವರು ನಕ್ಕು, ಆಗಲಿ, ನೋಡೋಣ ಎಂದರು. ಕೇಬಲಣ್ಣನಿಗೆ ಏನೂ ಹೇಳಲಿಲ್ಲ. ಬಿಪಿ ಮನುಷ್ಯ, ಸುಮ್ಮನೆ ಯಾಕೆ.

ಮಾರ್ಚ್ 21

ಕೇಬಲಣ್ಣನಿಗೆ ಪರ್ಮನೆಂಟ್ ಆರ್ಡರ್.

ನನ್ನ ಕಾಂಟ್ರಾಕ್ಟ್ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ. ಕಾರಣ: ಮೇಲ್‌ಗೆ ಇದ್ದ ಮಿತಿಯನ್ನು ತೆಗೆದು ಹಾಕಿದ್ದು. ರಿಪೋರ್ಟ್ ಬರೆದವರು ಡಿಸ್ಕ್ ವಿಭಾಗದವರು, ಅಂದರೆ ಕೇಬಲಣ್ಣ. ತೆಗೆದದ್ದು ನಾನೇ, ಸುಳ್ಳಲ್ಲ. ತೆಗೆ ಅಂದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಎಂಟು ದಿನ ಬರೆಯಲು ಕೈ ಬಂದಿರಲಿಲ್ಲ. ಅವನು ಆ ಎಂಟು ದಿನವೂ ನನ್ನ ಕಣ್ಣು ತಪ್ಪಿಸುತ್ತಿದ್ದ. ಮನೆಯಲ್ಲಿ ಏನೋ ತೊಂದರೆ ಇರಬೇಕು ಎಂದು ನಾನು ಅವನ ಪಾಲಿನ ಕಂಪ್ಲೇಂಟುಗಳನ್ನೂ ನೋಡಿಕೊಂಡಿದ್ದೆ. ದಡ್ಡಿ. ಶತದಡ್ಡಿ.

ಮಾರ್ಚ್ 22

ಮೆಟ್ಟಿಲಲ್ಲಿ ಕೇಬಲಣ್ಣನಿಗೆ ಅಡ್ಡ ನಿಂತು ಕೇಳಿದೆ. ತಲೆ ಎತ್ತಲಿಲ್ಲ.

"ನೀನು ಮೊದಲೇ ನನ್ನ ಹೆಸರು ಬರೆದುಕೊಟ್ಟಿದ್ದೀಯ ಅಂದ್ರು ತಂಗಿ. ಡಿಸ್ಕ್ ಸರಿಯಿರಲಿಲ್ಲ ಅಂತ. ಕೆಲಸ ಹೋಗುತ್ತೆ ಅಂದ್ರು. ನಾನೂ ಬರೆದೆ."

ನೋಡೋಣ ಸಾಹೇಬ ಹೀಗೆ ಮಾಡುತ್ತಾರೆ ಎಂದು ಊಹಿಸಬೇಕಿತ್ತು. ಆ ಮನುಷ್ಯ ಹಾಳಾಗಿ ಹೋಗಲಿ. ಅವರ ಮೇಲಿನ ಸಿಟ್ಟು ಬೈದರೆ ಇಳಿಯುತ್ತದೆ. ಇವನ ಮೇಲಿನದು ಇಳಿಯುತ್ತಿಲ್ಲ.

"ಕೇಳಬಹುದಿತ್ತಲ್ಲಾ ಅಣ್ಣ. ಪಕ್ಕದ ಕುರ್ಚೀಲೇ ಇದ್ದೆ."

ಅವನ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ. ನಾನಾದರೂ ಹೇಳಬಹುದಿತ್ತು, ಹೌದು. ಹೇಳಲಿಲ್ಲ. ಅದಕ್ಕೂ ಅವನ ಮೇಲೇ ಸಿಟ್ಟು.

ಮಾರ್ಚ್ 31

ಪಾಸ್‌ವರ್ಡ್‌ಗಳನ್ನು ಒಪ್ಪಿಸಿದೆ. ಒಂದೊಂದಾಗಿ ಹೇಳಿದೆ, ಕೇಬಲಣ್ಣ ಬರೆದುಕೊಂಡ. ಮಿತಿಯನ್ನು ಮತ್ತೆ ಹಾಕು ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಮಾಡಿದ್ದುಣ್ಣೋ ಮಹರಾಯ. ಅಮ್ಮ, ಹೊಟ್ಟೆಗೆ ಹಿಟ್ಟು ಹೇಗೋ ಬರುತ್ತೆ, ಮೊದಲು ಮುಖ ತೊಳಿ ಎಂದಳು.

ಏಪ್ರಿಲ್ 4, ಬೆಳಿಗ್ಗೆ ಹತ್ತೂವರೆ

ಫೋನು ಬಡಿದುಕೊಳ್ಳುತ್ತಿದೆ. ಕೇಬಲಣ್ಣ. ಇದು ಐದನೆಯ ಸಲ. ಯಜಮಾನರು ಮತ್ತೇನನ್ನೋ ಕಳಿಸಿರಬೇಕು. ಬಡಿದುಕೊಳ್ಳಲಿ. ಸಾಯಲಿ ಅವರ ಸರ್ವರ್, ಸುಟ್ಟು ಬೂದಿಯಾಗಲಿ. ಎತ್ತಿದರೆ ನಾನು ನನ್ನಮ್ಮನ ಮಗಳೇ ಅಲ್ಲ.

ಹತ್ತು ಮುಕ್ಕಾಲು

ಎತ್ತಿದೆ. ಬೈಯಲೆಂದೇ ಎತ್ತಿದ್ದು. ಆ ಕಡೆ ಅವನ ಏದುಸಿರು ಕೇಳಿಸಿತು. ನನ್ನ ಹಾಳು ಬಾಯಿಂದ ಬಂದದ್ದು — "ಡಿಸ್ಕ್ ಎಷ್ಟು ತುಂಬಿದೆ ಅಣ್ಣ? ಮೊದಲು ಕ್ಯೂ ನಿಲ್ಲಿಸು, ಆಮೇಲೆ..."

ಥೂ, ನನ್ನ ಜನ್ಮಕ್ಕೆ.